ಕಾರಣಕ್ಕೆ ಒಂದೇ ಗೆರೆ

ಹೆಸರು ಕೇಳಿದ್ದರು, ಬರೆದೆ: ಲೋಹಿತಾಕ್ಷ ಕೋಟ್ಯಾನ್.
ಪ್ರಾಯ ಇಪ್ಪತ್ತನಾಲ್ಕು.
ಕೆಲಸ: ಕಂಡಕ್ಟರ್, ಸ್ಟೇಟ್‌ಬ್ಯಾಂಕ್–ಸುರತ್ಕಲ್.
ಆಮೇಲೆ ಬಂತು ಆ ಕಾಲಂ:
ಎಚ್‌ಪಿವಿ ಲಸಿಕೆ ಹಾಕಿಸಿಕೊಳ್ಳಲು ಕಾರಣ.
ಒಂದೇ ಗೆರೆ ಜಾಗ.
ಅಷ್ಟರಲ್ಲಿ ನನ್ನ ಮಾತು
ಜ್ಯೋತಿ ಸ್ಟಾಪೂ ದಾಟುವುದಿಲ್ಲ.

ಪೋಸ್ಟರ್ ನೋಡಿ ಬಂದೆ ಅನ್ನಲೇ?
ಸುಳ್ಳು. ಕೊಟ್ಟಾರದಲ್ಲಿ ಆ ಪೋಸ್ಟರನ್ನು
ಎರಡು ಮಳೆಗಾಲ ನೋಡಿದ್ದೇನೆ.
ಒಬ್ಬಳು ಅಮ್ಮ, ಒಬ್ಬಳು ಮಗಳು, ಇಬ್ಬರದೂ ಬಿಳಿ ಹಲ್ಲು.
ಗಂಡಸು ಯಾರೂ ಇಲ್ಲ,
ಬಸ್ಸು ತಪ್ಪಿತೋ ಏನೋ ಅವನಿಗೆ.

ತಂಗಿ ನರ್ಸಿಂಗ್ ಎರಡನೇ ವರ್ಷ.
‘ನನ್ನದು ಆಯ್ತು. ನಿನ್ನದು?’ ಅಂದಳು.
‘ಅದು ಹುಡುಗಿಯರದ್ದಲ್ವಾ ಮಾರಾಯ್ತಿ?’
ಬಂಗುಡೆಯ ಮುಳ್ಳು ಬಿಡಿಸುತ್ತಿದ್ದವಳು
ತಲೆ ಎತ್ತದೆ ಕೇಳಿದಳು:
‘ಹುಡುಗಿಯರಿಗೆ ಎಲ್ಲಿಂದ ಬರುವುದು ಅದು,
ಸಮುದ್ರದಿಂದಾ?’
ಅಮ್ಮ ಒಳಗೆ ಇದ್ದರು.
ನಾನು ಉಪ್ಪು ಕೇಳಿದೆ.
ಉಪ್ಪು ನನ್ನ ಎದುರೇ ಇತ್ತು.

ವಾಮನಣ್ಣನ ಹೆಸರು ಬರೆಯಬಹುದು.
ಹಂಪನಕಟ್ಟೆಯಲ್ಲಿ ನಿಂತು ‘ಸುರತ್ಕಲ್, ಸುರತ್ಕಲ್’ ಅಂದರೆ
ಬಂಟ್ಸ್ ಹಾಸ್ಟೆಲಿನಲ್ಲಿ ಜನ ಎದ್ದು ನಿಲ್ಲುತ್ತಿದ್ದ ಗಂಟಲು.
ನನಗೆ ಕೂಗಲು ಕಲಿಸಿದ ಗಂಟಲು.
ನಾಲಗೆಯ ಬುಡದಲ್ಲಿ ಗಡ್ಡೆ ಅಂದರು.
ವಿಕಿರಣ, ಮೂವತ್ತಮೂರು ದಿನ.
ಬೀಡಿಯದ್ದಾ ಡಾಕ್ಟ್ರೇ ಎಂದು ಅತ್ತಿಗೆ ಕೇಳಿದ್ದಕ್ಕೆ
‘ಬೀಡಿಯೂ ಇರಬಹುದು, ಒಂದು ವೈರಸ್ಸೂ ಇರ್ತದೆ’ ಎಂದು
ಡಾಕ್ಟರು ಬೇರೆ ಕಡೆ ನೋಡಿದರಂತೆ.
ಆ ಬೇರೆ ಕಡೆಯಲ್ಲಿ ನಾನು ನಿಂತಿದ್ದೆ,
ಕೈಯಲ್ಲಿ ಎಳನೀರು ಹಿಡಿದು.

ಈಗ ವಾಮನಣ್ಣ ಟೈಮ್ ಬರೆಯುತ್ತಾರೆ.
ಎಂಜಲು ಒಣಗಿದ ಬಾಯಿಗೆ ಬಾಟಲಿ ನೀರು,
ಬಸ್ಸು ಹೊರಡಿಸಲಿಕ್ಕೆ
ತಗಡಿಗೆ ಬೆರಳ ಗೆಣ್ಣಿನಿಂದ ಎರಡು ಬಡಿತ.

ಡ್ರೈವರ್ ಹಮೀದಾಕರಿಗೆ ಮಾತ್ರ ಹೇಳಿದ್ದೆ.
‘ನಿನಗೆಂಥ ಹೆರಿಗೆಯಾ?’ ಎಂದು ಗೇರು ಬದಲಿಸಿದರು.
ಮರುದಿನ ಕೂಳೂರು ಸಂಕದ ಮೇಲೆ, ಜಾಮಿನಲ್ಲಿ,
ಕನ್ನಡಿ ನೋಡುತ್ತಾ ಕೇಳಿದರು:
‘ನನ್ನ ಮಗನಿಗೆ ಹದಿನಾಲ್ಕು. ಅವನಿಗೂ ಉಂಟಾ?’

ದುಡ್ಡಿನದ್ದೂ ಬರೆಯಬೇಕಲ್ಲ ನಿಜ ಹೇಳುವುದಾದರೆ.
ಐದು ಜನ ಸೇರಿದರೆ ಕಡಿಮೆ ಅಂದಿದ್ದರು,
ನಮ್ಮ ವಾಲಿಬಾಲ್ ಟೀಮಿನಲ್ಲಿ ನಾಲ್ಕು ಸಿಕ್ಕಿತು.
ಒಬ್ಬ ನಗಾಡಿದ, ಒಬ್ಬನಿಗೆ ಸೂಜಿ ಹೆದರಿಕೆ,
ಐದನೆಯವನು ನಗಾಡಿದವನೇ,
ರಾತ್ರಿ ಹನ್ನೊಂದಕ್ಕೆ ಫೋನು ಮಾಡಿ
‘ಯಾರಿಗೂ ಹೇಳ್ಬೇಡ, ನನ್ನದೂ ಬರಿ’ ಅಂದ.
ಯಾಕೆ ಅಂತ ನಾನು ಕೇಳಲಿಲ್ಲ.
ನನ್ನ ಬಳಿಯೂ ಒಂದು ಯಾಕೆ ಉಂಟು, ಹಳೆಯದು,
ಒಂದು ಲಾಡ್ಜಿನ ಮೆಟ್ಟಿಲಿನಷ್ಟು ಕತ್ತಲೆ ಅದಕ್ಕೆ.

ಮತ್ತೆ, ಲೇಡಿಹಿಲ್‌ನಲ್ಲಿ ಹತ್ತುವವಳು.
ಚಿಲ್ಲರೆ ಸರಿಯಾಗಿ ಎಣಿಸಿ ಕೊಡುತ್ತಾಳೆ,
ನಾನು ಟಿಕೇಟು ಕೊಡುತ್ತೇನೆ.
ಇಷ್ಟರವರೆಗೆ ನಮ್ಮ ಕೊಡುಕೊಳ್ಳುವುದು ಇಷ್ಟೇ.
ಮುಂದೆ ದೇವರು ಮನಸ್ಸು ಮಾಡಿ
ಏನಾದರೂ ಕೊಡಲು ಉಂಟಾದರೆ
ಇದೊಂದು ಅದರಲ್ಲಿ ಇರಬಾರದು.

‘ಬರೆದಾಯ್ತಾ?’ ಜುಡಿತ್ ಬಾಯಿ ಕೇಳಿದರು,
ಹತ್ತಿ ಒದ್ದೆ ಮಾಡಿಕೊಂಡು.
‘ಸುಮ್ಮನೆ ಅಂತ ಬರಿಯಿರಿ. ಗಂಡುಮಕ್ಕಳು ಹಾಗೇ ಬರೆಯುವುದು.’
ಸುಮ್ಮನೆ, ಅಂತ ಬರೆದೆ.
ಸು ಮಾತ್ರ ಸ್ವಲ್ಪ ದಪ್ಪ ಆಯಿತು.

ಇನ್ನೊಂದು ಎರಡು ತಿಂಗಳಿಗೆ, ಕೊನೆಯದು ಆರಕ್ಕೆ.
ಸಂಜೆಯ ಟ್ರಿಪ್ಪಿಗೆ ಎಡಗೈ ಭಾರ.
ವಾಮನಣ್ಣ ಪ್ಲಾಸ್ಟರ್ ನೋಡಿದರು,
ಗಡಿಯಾರ ನೋಡಿದರು,
ಒಂದು ನಿಮಿಷ ಲೇಟೆಂದು ಬೆರಳು ಎತ್ತಿ ತೋರಿಸಿದರು.
ತಗಡಿಗೆ ಎರಡು ಬಡಿತ.
ನಾನು ಬಲಗೈಯಲ್ಲಿ ನೇತುಕೊಂಡು
ಸುರತ್ಕಲ್, ಸುರತ್ಕಲ್ ಎಂದು ಕೂಗಿದೆ,
ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.